ಬಣ್ಣ ಆಮೇಲೆ, ಮೊದಲು ಪಾಯ

ಹಳೆ ಮನೆ ಕೊಳ್ಳಲು ಹೋದವರು ತೇಗದ ಬಾಗಿಲು, ರೆಡ್ ಆಕ್ಸೈಡ್ ನೆಲ ನೋಡಿ ಮರುಳಾಗುತ್ತಾರೆ. ನಾನು ಒಳಗೆ ಕಾಲಿಡುವ ಮೊದಲು ಮನೆಗೊಂದು ಸುತ್ತು ಹಾಕುತ್ತೇನೆ. ನೆಲದಿಂದ ಎರಡಡಿ ಎತ್ತರದೊಳಗೆ ಆ ಮನೆಯ ಜಾತಕವೆಲ್ಲ ಸಿಕ್ಕಿಬಿಡುತ್ತದೆ.

ಯಲಹಂಕದ ಹಳೆ ಪಟ್ಟಣದ ಮನೆಗಳಿರಲಿ, ಆರ್.ಟಿ. ನಗರ, ಯಶವಂತಪುರದ ಹಳೆಯ ತಾರಸಿ ಮನೆಗಳಿರಲಿ, ಹೆಚ್ಚಿನವು ನಿಂತಿರುವುದು ಸೈಜುಗಲ್ಲಿನ ಪಾಯದ ಮೇಲೆ. ಕಲ್ಲು ಈ ನೆಲದ್ದೇ, 250 ಕೋಟಿ ವರ್ಷಕ್ಕೂ ಹಿಂದಿನದು. ಅದು ಸುಲಭಕ್ಕೆ ಸೋಲುವುದಿಲ್ಲ. ಸೋಲುವುದು ಸಂದಿನಲ್ಲಿ ತುಂಬಿದ ಕೆಮ್ಮಣ್ಣು ಅಥವಾ ಗಾರೆ, ಇಲ್ಲವೇ ಕಲ್ಲಿನ ಅಡಿಯ ಮಣ್ಣು. ಎರಡನ್ನೂ ಕೆಡಿಸುವುದು ಹೆಚ್ಚಾಗಿ ನೀರು.

ಆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕದೆ ಗೋಡೆಗೆ ವಾಟರ್‌ಪ್ರೂಫ್ ಬಣ್ಣ ಬಳಿಯುವುದು ದುಡ್ಡು ದಂಡ. ನಮ್ಮ ಹಳೆ ಮನೆಗಳಲ್ಲಿ ನೆಲಮಾಳಿಗೆ ಅಪರೂಪ, ಸಂಪು ಮಾತ್ರ ಮನೆಮನೆಗೂ ಇದೆ, ಅದೂ ಪಾಯಕ್ಕೆ ಅಂಟಿಕೊಂಡೇ. ರಾತ್ರಿ ಸಂಪು ತುಂಬಿಸಿ, ನಲ್ಲಿ ನೀರು ನಿಲ್ಲಿಸಿ, ಮೋಟಾರು ಹಾಕದೆ, ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಬೆಳಿಗ್ಗೆ ನೀರು ಗೆರೆಯಿಂದ ಎರಡು ಬೆರಳು ಕೆಳಗಿದ್ದರೆ ಅಷ್ಟೂ ನೀರನ್ನು ಪಾಯದ ಮಣ್ಣು ಕುಡಿದಿರುತ್ತದೆ. ತಾರಸಿಯ ಪೈಪು ಗೋಡೆ ಬುಡಕ್ಕೇ ಸುರಿಯುತ್ತಿದ್ದರೆ, ಇಂಗುಗುಂಡಿಯನ್ನು ಗೋಡೆ ಪಕ್ಕದಲ್ಲೇ ತೋಡಿದ್ದರೆ ಅದನ್ನೂ ಸರಿಪಡಿಸಿ. ಮಳೆನೀರು ಸಂಗ್ರಹ 2009ರ ಕಾನೂನಿನಿಂದ ದೊಡ್ಡ ನಿವೇಶನಗಳಿಗೆ ಕಡ್ಡಾಯವಾಯಿತು, ಒಳ್ಳೆಯದೇ. ಆದರೆ ಗುಂಡಿ ಪಾಯದಿಂದ ದೂರವಿರಲಿ.

ಕೆರೆಯ ತಗ್ಗಿನಲ್ಲಿ ಮನೆ ಇದ್ದರೆ ಲೆಕ್ಕವೇ ಬೇರೆ. ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ 2021ರ ನವೆಂಬರಿನಲ್ಲೂ 2024ರ ಅಕ್ಟೋಬರಿನಲ್ಲೂ ಜಲಾವೃತವಾಯಿತು. ಅಂಥ ಕಡೆ ಒಬ್ಬ ಮನೆಯೊಡೆಯ ಎಷ್ಟು ಖರ್ಚು ಮಾಡಿದರೂ ಸಾಲದು, ರಾಜಕಾಲುವೆ ತೆರವಾಗಲೇಬೇಕು.

ಬಿರುಕು ಕಂಡ ಕೂಡಲೇ ತುಂಬಲು ಹೋಗಬೇಡಿ. ಕೂದಲೆಳೆಯಂಥವು ಬಹುಮಟ್ಟಿಗೆ ಗಿಲಾವಿನವು. ಕಿಟಕಿಯ ಮೂಲೆಯಿಂದ ಓರೆಯಾಗಿ, ಇಟ್ಟಿಗೆ ಸಂದುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದರೆ ಪಾಯ ಎಲ್ಲೋ ಕುಸಿದಿದೆ ಎಂದು ಅನುಮಾನಿಸಬೇಕು. ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಇಟ್ಟು, ಎರಡು ತುದಿಯನ್ನೂ ಗೋಡೆಗೆ ಭದ್ರವಾಗಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಒಂದು ಮಳೆಗಾಲ ಕಳೆದ ಮೇಲೂ ಗಾಜು ಹಾಗೇ ಇದ್ದರೆ ಬಿರುಕನ್ನು ಧೈರ್ಯವಾಗಿ ಮುಚ್ಚಬಹುದು. ನಡುವೆಯೇ ಒಡೆದರೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಪಾಯದ ಅಡಿಗೆ ಹೊಸ ಆಸರೆ ಕೊಡಬೇಕಾದರೆ ಮೂರು ನಾಲ್ಕು ಅಡಿಯಷ್ಟೇ ಅಗೆದು, ಕಟ್ಟಿ, ಅದು ಗಟ್ಟಿಯಾದ ಮೇಲೆ ಮುಂದಿನದಕ್ಕೆ ಕೈಹಾಕಬೇಕು. ಉದ್ದಕ್ಕೂ ಒಂದೇ ಸಲ ಕಾಲುವೆ ತೆಗೆಯುವ ಗುತ್ತಿಗೆದಾರನನ್ನು ಗೇಟಿನ ಒಳಗೇ ಬಿಡಬೇಡಿ.

ಮಣ್ಣು, ಗಾರೆಯ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ತೇವ ಹೊರಬರಲು ದಾರಿಯಿಲ್ಲದೆ ಇನ್ನೂ ಮೇಲಕ್ಕೇರುತ್ತದೆ, ಗೋಡೆ ಉಪ್ಪು ಬಿಟ್ಟು ಉದುರುತ್ತದೆ. ಸಂದನ್ನು ಒಂದಂಗುಲ ಕೆರೆದು, ತೊಳೆದು, ದೊಡ್ಡ ಪೊಳ್ಳುಗಳಿಗೆ ಕಲ್ಲಿನ ಚಕ್ಕೆ ಬಡಿದು, ಸುಣ್ಣ, ಮರಳು, ಇಟ್ಟಿಗೆ ಪುಡಿಯ ಗಾರೆಯನ್ನು ಒತ್ತಿ ತುಂಬಬೇಕು. ಒಂದು ವಾರವಾದರೂ ಒದ್ದೆ ಗೋಣಿ ಹೊದಿಸಿಡಬೇಕು. ನಿಧಾನದ ಕೆಲಸ, ಮೇಸ್ತ್ರಿ ಗೊಣಗುತ್ತಾನೆ, ಆದರೂ ಬಿಡಬೇಡಿ.

ಪಕ್ಕದ ಸೈಟಿನವರು ಪಾಯ ತೋಡುವಾಗ ಮಾತ್ರ ಮೈಯೆಲ್ಲ ಕಣ್ಣಾಗಿರಬೇಕು. 2020ರ ಜುಲೈನಲ್ಲಿ ಮೆಜೆಸ್ಟಿಕ್‌ನ ಹಳೆ ಕಪಾಲಿ ಚಿತ್ರಮಂದಿರದ ಜಾಗದಲ್ಲಿ ನೆಲಮಾಳಿಗೆಗೆಂದು ಆಳವಾಗಿ ಅಗೆದಿದ್ದರು, ಅದರ ಪಕ್ಕದ ಬಹುಮಹಡಿ ಕಟ್ಟಡವೇ ಕುಸಿಯಿತು. ಜೆಸಿಬಿ ಬರುವ ಮೊದಲೇ ನಿಮ್ಮ ಗೋಡೆಗಳ ಫೋಟೊ ತಾರೀಖು ಸಮೇತ ತೆಗೆದಿಡಿ. ಅಗೆದ ಅಂಚಿಗೆ ತಡೆಗೋಡೆ ಕಟ್ಟುತ್ತೀರಾ ಎಂದು ಪಕ್ಕದವರನ್ನು ಪತ್ರ ಬರೆದೇ ಕೇಳಿ, ಒಂದು ಪ್ರತಿಯನ್ನು ಪಾಲಿಕೆಗೂ ಕೊಟ್ಟು ಸ್ವೀಕೃತಿ ಪಡೆಯಿರಿ.