ಹೊಸ ಮನೆಯಲ್ಲಿ ಮಗುವಿನ ಗುಟ್ಟು
ಮೇರಿ ಡೌನಿಂಗ್ ಹಾನ್ ಅವರ ‘ವೇಟ್ ಟಿಲ್ ಹೆಲೆನ್ ಕಮ್ಸ್’ (1986) ಮಕ್ಕಳ ಕಾದಂಬರಿಯನ್ನು ಬರೀ ದೆವ್ವದ ಕಥೆ ಅಂತ ಓದಿದರೆ ಅರ್ಧವಷ್ಟೇ ದಕ್ಕುತ್ತದೆ ಅನ್ನೋದು ನನ್ನ ವಾದ. ಮರುಮದುವೆಯಿಂದ ಕೂಡಿದ ಕುಟುಂಬವೊಂದು ಮೇರಿಲ್ಯಾಂಡಿನ ಹಳ್ಳಿಯಲ್ಲಿ, ಮನೆಯಾಗಿ ಮಾರ್ಪಡಿಸಿದ ಹಳೇ ಚರ್ಚಿಗೆ ಬರುತ್ತದೆ, ಪಕ್ಕದಲ್ಲೇ ಸಮಾಧಿಗಳು. ನಿರೂಪಕಿ ಮೋಲಿಗೆ ಮಲತಂಗಿ ಹೀದರ್‌ಳನ್ನು ಕಂಡರಾಗದು. ತಾಯಿಯನ್ನು ಬಲಿ ತೆಗೆದುಕೊಂಡ ಬೆಂಕಿಗೆ ತಾನೇ ಕಾರಣ ಎಂಬ ಗುಟ್ಟನ್ನು ಹೀದರ್ ಯಾರಿಗೂ ಹೇಳಿಲ್ಲ. ಅಂಥದೇ ಪಾಪಪ್ರಜ್ಞೆ ಹೊತ್ತು ಸತ್ತ ಹೆಲೆನ್‌ಳ ದೆವ್ವವೇ ಅವಳ ಗೆಳತಿ. ದೊಡ್ಡವರು ದೆವ್ವವನ್ನೂ ನಂಬೋದಿಲ್ಲ, ಮೋಲಿಯನ್ನೂ ನಂಬೋದಿಲ್ಲ. ನೋಡಿ, ಇಲ್ಲಿನ ಕುತೂಹಲ ‘ದೆವ್ವ ಯಾವಾಗ ಬರುತ್ತೆ’ ಎಂಬುದಕ್ಕಿಂತ ‘ಮಗು ಯಾವಾಗ ಬಾಯಿ ಬಿಡುತ್ತೆ’ ಎಂಬುದರಲ್ಲಿದೆ. ಕೊಳದಲ್ಲಿ ಮುಳುಗುತ್ತಿದ್ದವಳನ್ನು ಮೋಲಿ ಎಳೆದು ತಂದ ಮೇಲೆ, ಹೀದರ್ ಗುಟ್ಟು ಬಿಚ್ಚುವುದು ಅವಳ ಮುಂದೆಯೇ. ಆ ಚರ್ಚು ಮನೆಯಾಗತೊಡಗುವುದೂ ಆಗಲೇ.