ವಿಠಲ ಮಲ್ಯರ ಹಿಡಿತ

ನಂಜನಗೂಡಿನ ಚಿಕ್ಕಯ್ಯನಛತ್ರ ಹೋಬಳಿಯ ಕೈಗಾರಿಕಾ ಪ್ರದೇಶದಲ್ಲಿ ಯುನೈಟೆಡ್ ಬ್ರೂವರೀಸ್‌ನ ಬಿಯರ್ ಕಾರ್ಖಾನೆಯಿದೆ. ಕಂಪನಿಯ ಬಹುಪಾಲು ಒಡೆತನ ಇಂದು ನೆದರ್‌ಲೆಂಡ್ಸ್‌ನ ಹೈನೆಕೆನ್‌ನದು. ಕನ್ನಡಿಗರ ಕುಟುಂಬವೊಂದು ಮೂರೂವರೆ ದಶಕ ಕಾಪಾಡಿದ ಕಂಪನಿ ಮುಂದಿನ ತಲೆಮಾರಿನಲ್ಲಿ ಕೈತಪ್ಪಿದ್ದು ಹೇಗೆ? ಎಲ್ಲರೂ ಮಗ ವಿಜಯ್ ಮಲ್ಯರತ್ತ ಬೊಟ್ಟು ಮಾಡುತ್ತಾರೆ. ತಂದೆಯ ಕಾರ್ಯವೈಖರಿಯನ್ನೂ ಪರಿಶೀಲಿಸಬೇಕು.

ಬಂಟ್ವಾಳ ಮೂಲದ ವಿಠಲ ಮಲ್ಯ ಷೇರುಗಳನ್ನು ಕೊಳ್ಳುತ್ತಾ ಬಂದು 1947ರಲ್ಲಿ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದರು, ಮರುವರ್ಷ ಅಧ್ಯಕ್ಷರಾದರು. ವಯಸ್ಸು 24. ಅದೇ 1948ರಲ್ಲಿ ಪಕ್ಕದ ಮದ್ರಾಸ್ ಪ್ರಾಂತ್ಯದ ತುಂಬ ಪಾನನಿಷೇಧ ಜಾರಿಯಾಯಿತು.

ಬಿಯರ್ ತಯಾರಕನಿಗೆ ಇದು ಎಂಥ ಪೆಟ್ಟು! ವಿಸ್ಕಿಯನ್ನು ಪೀಪಾಯಿಯಲ್ಲಿಟ್ಟು ವರ್ಷಗಟ್ಟಲೆ ಕಾಯಬಹುದು. ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹಾಪ್ಸ್ ಜೊತೆ ಕುದಿಸಿ, ಯೀಸ್ಟ್ ಹಾಕಿ ಹುದುಗಿಸಿದ ಬಿಯರ್ ತಿಂಗಳುಗಳಲ್ಲೇ ರುಚಿಗೆಡುತ್ತದೆ. ಮಾರುಕಟ್ಟೆ ಮುಚ್ಚಿದರೆ ದಾಸ್ತಾನೇ ನಷ್ಟ. ಮಲ್ಯ ಒಂದೇ ಸರಕನ್ನು ನೆಚ್ಚಿ ಕೂರಲಿಲ್ಲ. 1951ರಲ್ಲಿ ಮೆಕ್‌ಡವೆಲ್ ಕೊಂಡರು. ಜಾಮ್, ಸ್ಕ್ವಾಷ್ ಮಾಡುವ ಕಿಸಾನ್ ಕೂಡ ಸಮೂಹ ಸೇರಿತು. 1977ರ ನಂತರ ಮೊರಾರ್ಜಿ ದೇಸಾಯಿ ದೇಶಕ್ಕೆಲ್ಲ ಪಾನನಿಷೇಧ ತರಲು ಹೊರಟಾಗ, ಈ ಸಮೂಹಕ್ಕೆ ಊರಿ ನಿಲ್ಲಲು ಬೇರೆ ನೆಲೆಗಳಿದ್ದವು. ಪ್ರಚಾರದ ಗೊಡವೆಯಿಲ್ಲದೆ, ಖರ್ಚಿನಲ್ಲಿ ಬಿಗಿಯಾಗಿ ನಡೆಸಿದ ಈ ದೂರದೃಷ್ಟಿ ದೊಡ್ಡದು.

ದೋಷವೂ ಅಲ್ಲೇ ಇತ್ತು. ಎಲ್ಲ ಎಳೆಗಳೂ ಒಬ್ಬರ ಕೈಯಲ್ಲಿದ್ದವು. ಆ ಕೈ ಮಿತವ್ಯಯದ್ದಾಗಿದ್ದಷ್ಟು ದಿನ ಅಪಾಯ ಕಾಣಲಿಲ್ಲ. 1983ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡಾಗ ಅದೇ ಏಕಾಧಿಕಾರ 27 ವರ್ಷದ ಮಗನಿಗೆ ಬಂತು. ಕಿಂಗ್‌ಫಿಷರನ್ನು ದೇಶದ ಅಗ್ರ ಬಿಯರ್ ಮಾಡಿದ ಶ್ರೇಯ ವಿಜಯ್‌ಗೆ ಸಲ್ಲಲೇಬೇಕು. ಆದರೆ 2005ರಲ್ಲಿ ಹಾರಿದ ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಸಾಲಕ್ಕೆ ಸಮೂಹದ ಮಾತೃಸಂಸ್ಥೆ ಯುಬಿ ಹೋಲ್ಡಿಂಗ್ಸ್ ಖಾತರಿ ನಿಂತಾಗ, ತಡೆಯಬಲ್ಲ ದನಿ ಆ ವ್ಯವಸ್ಥೆಯೊಳಗೆ ಇರಲಿಲ್ಲ.

2012ರಲ್ಲಿ ವಿಮಾನಗಳು ನೆಲಕ್ಕಿಳಿದವು. 2017ರ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟ್ ಯುಬಿ ಹೋಲ್ಡಿಂಗ್ಸ್ ಮುಚ್ಚಲು ಆದೇಶಿಸಿತು. 2021ರಲ್ಲಿ ಸಾಲ ವಸೂಲಿಗೆ ಷೇರುಗಳು ಮಾರಾಟವಾಗಿ ಬ್ರೂವರಿ ಹೈನೆಕೆನ್‌ಗೆ ಸೇರಿತು. ಈ ನಡುವೆ ಅತಿ ಹೆಚ್ಚು ನೊಂದವರು ಏರ್‌ಲೈನ್ಸ್‌ನ ನೌಕರರು: ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿದ ಅವರಿಗೆ ಯಾವ ಖಾತರಿಯೂ ಇರಲಿಲ್ಲ.