ಬಸ್ಸಿನ ಲೆಕ್ಕ, ಪ್ರಯಾಣಿಕರ ಲೆಕ್ಕ

ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ನಿಲ್ದಾಣದಲ್ಲಿ ಬೆಳಗ್ಗೆ ಒಂಬತ್ತು ಗಂಟೆಗೆ ನೀವು ನಿಂತಿದ್ದೀರಿ ಎನ್ನೋಣ. ಹದಿನೈದು ನಿಮಿಷ ಕಳೆದರೂ ನಿಮ್ಮ ಬಸ್ಸಿನ ಸುಳಿವಿಲ್ಲ. ಕೊನೆಗೊಂದು ಬರುತ್ತದೆ, ಮೆಟ್ಟಿಲ ಮೇಲೂ ಜನ. ಹೇಗೋ ನುಸುಳಿ ಹತ್ತುವಷ್ಟರಲ್ಲಿ ಅದೇ ಸಂಖ್ಯೆಯ ಇನ್ನೊಂದು ಬಸ್ಸು, ಮುಕ್ಕಾಲು ಪಾಲು ಖಾಲಿಯಾಗಿ, ನಿಮ್ಮನ್ನು ಹಿಂದೆ ಹಾಕಿ ಹೋಗುತ್ತದೆ. ನೀವು ಚಾಲಕನನ್ನೋ ನಿರ್ವಾಹಕನನ್ನೋ ಬೈದುಕೊಳ್ಳುತ್ತೀರಿ. ಆದರೆ ಇದರಲ್ಲಿ ಅವರ ತಪ್ಪು ಬಹಳ ಕಡಿಮೆ. ತಪ್ಪಿರುವುದು ನಾವು ಬಸ್ ಸೇವೆಯನ್ನು ಅಳೆಯುವ ಅಳತೆಗೋಲಿನಲ್ಲಿ.

ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ (ಬಿಎಂಟಿಸಿ) 1997ರ ಆಗಸ್ಟ್‌ನಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮದಿಂದ ಬೇರೆಯಾಯಿತು. ಅದಕ್ಕೂ ಹಿಂದಿನ ಹೆಸರು ಬಿ.ಟಿ.ಎಸ್. ಹಿರಿಯರ ಬಾಯಲ್ಲಿ ಇಂದಿಗೂ ಉಳಿದಿದೆ. 2000ರ ದಶಕದಲ್ಲಿ ದೇಶದ ನಗರ ಸಾರಿಗೆ ಸಂಸ್ಥೆಗಳ ಪೈಕಿ ಲಾಭ ಕಂಡ ಕೆಲವೇ ಸಂಸ್ಥೆಗಳಲ್ಲಿ ಇದೂ ಒಂದು. ಇಂದು ಆರು ಸಾವಿರಕ್ಕೂ ಹೆಚ್ಚು ಬಸ್ಸುಗಳು ದಿನಕ್ಕೆ ಸುಮಾರು 40 ಲಕ್ಷ ಪ್ರಯಾಣಗಳ ಹೊರೆ ಹೊರುತ್ತಿವೆ. ಇದು ಸಣ್ಣ ಸಾಧನೆಯಲ್ಲ. ಆದರೆ ಸಂಸ್ಥೆಯ ಅಂಕಿ ಅಂಶಗಳನ್ನು ನೋಡಿ: ಎಷ್ಟು ಷೆಡ್ಯೂಲ್, ಎಷ್ಟು ಟ್ರಿಪ್, ಎಷ್ಟು ಕಿಲೋಮೀಟರ್ ಓಟ, ಕಿಲೋಮೀಟರಿಗೆ ಎಷ್ಟು ಗಳಿಕೆ, ಲೀಟರ್ ಡೀಸೆಲಿಗೆ ಎಷ್ಟು ಓಟ. ಇವೆಲ್ಲ ಬಸ್ಸಿನ ಲೆಕ್ಕಗಳು. ನಿಲ್ದಾಣದಲ್ಲಿ ನಿಂತವರ ಲೆಕ್ಕ ಬೇರೆಯೇ ಇದೆ.

ಸರಾಸರಿಯ ಮೋಸ

ಒಂದು ಮಾರ್ಗದಲ್ಲಿ ಗಂಟೆಗೆ ಆರು ಬಸ್ಸುಗಳಿವೆ ಎಂದುಕೊಳ್ಳಿ. ಅವು ಸರಿಯಾಗಿ ಹತ್ತು ನಿಮಿಷಕ್ಕೊಂದರಂತೆ ಬಂದರೆ ನೀವು ಸರಾಸರಿ 5 ನಿಮಿಷ ಕಾಯಬೇಕು. ಅದೇ ಆರು ಬಸ್ಸುಗಳು ಜೋಡಿಜೋಡಿಯಾಗಿ, 18 ನಿಮಿಷ, 2 ನಿಮಿಷ, 18 ನಿಮಿಷ, 2 ನಿಮಿಷ ಎಂಬ ಅಂತರದಲ್ಲಿ ಬಂದರೆ? ಗಂಟೆಗೆ ಆರು ಬಸ್ಸು ಎಂಬ ಲೆಕ್ಕ ಬದಲಾಗುವುದಿಲ್ಲ. ಆದರೆ ಒಂದು ಗಂಟೆಯಲ್ಲಿ 54 ನಿಮಿಷಗಳು ಉದ್ದದ ಅಂತರಗಳಿಗೇ ಸೇರಿಹೋದವು. ಎಂದರೆ, ನಿಲ್ದಾಣಕ್ಕೆ ಬರುವ ಹತ್ತು ಜನರಲ್ಲಿ ಒಂಬತ್ತು ಮಂದಿ ಉದ್ದದ ಅಂತರದಲ್ಲೇ ಸಿಕ್ಕಿಬೀಳುತ್ತಾರೆ. ಸರಾಸರಿ ಕಾಯುವಿಕೆ 8.2 ನಿಮಿಷಕ್ಕೆ ಏರುತ್ತದೆ.

ನೂಕುನುಗ್ಗಲಿನ ಲೆಕ್ಕವೂ ಹೀಗೆಯೇ. ನಿಮಿಷಕ್ಕೆ ಐದು ಜನ ನಿಲ್ದಾಣಕ್ಕೆ ಬರುತ್ತಿದ್ದರೆ ಜೋಡಿಯ ಮೊದಲ ಬಸ್ಸಿಗೆ 90 ಜನ, ಎರಡನೆಯದಕ್ಕೆ 10 ಜನ. ಬಸ್ಸೊಂದಕ್ಕೆ ಸರಾಸರಿ 50. ಕಾಗದದ ಮೇಲೆ ಇದು ಚೆನ್ನಾಗಿಯೇ ಕಾಣುತ್ತದೆ. ಆದರೆ ಆ ನೂರು ಜನರನ್ನೇ "ನಿಮ್ಮ ಬಸ್ಸಿನಲ್ಲಿ ಎಷ್ಟು ಮಂದಿ ಇದ್ದರು?" ಎಂದು ಕೇಳಿ. 90 ಮಂದಿ "ತೊಂಬತ್ತು" ಎನ್ನುತ್ತಾರೆ, 10 ಮಂದಿ "ಹತ್ತು" ಎನ್ನುತ್ತಾರೆ. ಈ ಉತ್ತರಗಳ ಸರಾಸರಿ 82! ಅಧಿಕಾರಿ ಹೇಳುವ 50 ಸುಳ್ಳಲ್ಲ; ನೀವು ಅನುಭವಿಸುವ 82 ಕೂಡ ಸುಳ್ಳಲ್ಲ. ಒಂದು ಬಸ್ಸಿನ ಲೆಕ್ಕ, ಇನ್ನೊಂದು ಪ್ರಯಾಣಿಕರ ಲೆಕ್ಕ.

ಬಸ್ಸುಗಳು ಏಕೆ ಜೋಡಿಯಾಗುತ್ತವೆ?

ಪೆನ್ಸಿಲನ್ನು ಅದರ ಮೊನೆಯ ಮೇಲೆ ನಿಲ್ಲಿಸಲು ಯತ್ನಿಸಿದ್ದೀರಾ? ಕೂದಲೆಳೆಯಷ್ಟು ವಾಲಿದರೂ ಅದು ಮತ್ತಷ್ಟು ವಾಲಿ ಬೀಳುತ್ತದೆ. ಭೌತವಿಜ್ಞಾನದಲ್ಲಿ ಇದನ್ನು ಅಸ್ಥಿರ ಸಮತೋಲನ ಎನ್ನುತ್ತಾರೆ. ಸಮ ಅಂತರದಲ್ಲಿ ಓಡುವ ಬಸ್ಸುಗಳ ಸ್ಥಿತಿಯೂ ಇಂಥದ್ದೇ. ಸಿಗ್ನಲ್ಲಿನಲ್ಲಿ ಒಂದು ಬಸ್ಸು ಒಂದು ನಿಮಿಷ ತಡವಾಯಿತು ಎನ್ನಿ. ಮುಂದಿನ ನಿಲ್ದಾಣದಲ್ಲಿ ಅಷ್ಟರೊಳಗೆ ಇನ್ನಷ್ಟು ಜನ ಸೇರಿರುತ್ತಾರೆ. ಅವರು ಹತ್ತಲು ಮತ್ತಷ್ಟು ಹೊತ್ತು ಹಿಡಿಯುತ್ತದೆ. ಬಸ್ಸು ಇನ್ನೂ ತಡವಾಗುತ್ತದೆ. ಅದರ ಹಿಂದಿನ ಬಸ್ಸಿಗೆ ಜನ ಕಡಿಮೆ. ಅದು ಬೇಗ ಬೇಗ ಸಾಗಿ ಮುಂದಿನದನ್ನು ಹಿಡಿದುಬಿಡುತ್ತದೆ. ಈ ವಿದ್ಯಮಾನವನ್ನು ನ್ಯೂವೆಲ್ ಮತ್ತು ಪಾಟ್ಸ್ ಎಂಬ ವಿಜ್ಞಾನಿಗಳು 1964ರಷ್ಟು ಹಿಂದೆಯೇ ಗಣಿತದ ಮೂಲಕ ವಿವರಿಸಿದರು. ಚಾಲಕ ಎಷ್ಟೇ ನಿಷ್ಠಾವಂತನಾದರೂ, ಹೊರಗಿನಿಂದ ತಿದ್ದುವವರಿಲ್ಲದಿದ್ದರೆ, ಜನನಿಬಿಡ ಮಾರ್ಗದಲ್ಲಿ ಬಸ್ಸುಗಳು ಜೋಡಿಯಾಗುವುದೇ ಸಹಜ.

ತಿದ್ದುವ ಉಪಕರಣ ನಮ್ಮಲ್ಲಿ ಇಲ್ಲವೆ? ಇದೆ. 2016ರಲ್ಲಿ ಬಿಎಂಟಿಸಿ ತನ್ನ ಬಸ್ಸುಗಳಿಗೆ ಉಪಗ್ರಹ ಆಧಾರಿತ ಜಿಪಿಎಸ್ ಸಾಧನಗಳನ್ನೂ ನಿರ್ವಾಹಕರ ಕೈಗೆ ವಿದ್ಯುನ್ಮಾನ ಟಿಕೆಟ್ ಯಂತ್ರಗಳನ್ನೂ ಒದಗಿಸುವ ವ್ಯವಸ್ಥೆಗೆ ಚಾಲನೆ ನೀಡಿತು. 2023ರಲ್ಲಿ "ನಮ್ಮ ಬಿಎಂಟಿಸಿ" ಎಂಬ ಮೊಬೈಲ್ ಆ್ಯಪ್ ಬಂತು. ಬಸ್ಸು ಎಲ್ಲಿದೆ ಎಂದು ತಿಳಿಯುವುದು ಒಳ್ಳೆಯದೇ. ಆದರೆ 18 ನಿಮಿಷ ಕಾಯಬೇಕೆಂದು ಮೊಬೈಲು ಹೇಳಿದ ಮಾತ್ರಕ್ಕೆ ಆ 18 ನಿಮಿಷ ಹತ್ತಾಗುವುದಿಲ್ಲ. ಅದೇ ಮಾಹಿತಿಯಿಂದ, ಮುಂದಿನ ಬಸ್ಸಿನ ಬೆನ್ನು ಹಿಡಿದಿರುವ ಬಸ್ಸನ್ನು ಎರಡು ನಿಮಿಷ ತಡೆದು ಅಂತರವನ್ನು ಸರಿಪಡಿಸಬಹುದು. ಹೀಗೆ ತಡೆದಾಗ ಒಳಗಿರುವವರು ಗೊಣಗುತ್ತಾರೆ, ನಿಜ. ಆದರೆ ಆ ಬಸ್ಸಿನಲ್ಲಿರುವವರು ಹತ್ತು ಜನ, ಮುಂದಿನ ನಿಲ್ದಾಣಗಳಲ್ಲಿ ಕಾಯುವವರು ನೂರಾರು. ಬಸ್ಸನ್ನು ನೋಡಲು ಬಳಕೆಯಾದಷ್ಟು ಈ ಜಾಣ ಯಂತ್ರ ಬಸ್ಸನ್ನು ನಡೆಸಲು ಬಳಕೆಯಾದಂತೆ ನಿಲ್ದಾಣದಲ್ಲಿ ನಿಂತವರಿಗೆ ಕಾಣುತ್ತಿಲ್ಲ. ಇದು ನಮ್ಮ ಮೊದಲ ಆಕ್ಷೇಪ.

ಬಸ್ಸು ಬದಲಿಸಿದರೆ ದಂಡ

ಎರಡನೆಯದು ಟಿಕೆಟ್ಟಿನದು. ಬಹುಕಾಲ ಬೆಂಗಳೂರಿನ ಮಾರ್ಗಗಳು ಮೆಜೆಸ್ಟಿಕ್, ಮಾರುಕಟ್ಟೆ, ಶಿವಾಜಿನಗರಗಳಿಂದ ಚಕ್ರದ ಅರೆಕಾಲುಗಳಂತೆ ಹೊರಟವು. ಊರು ಬೆಳೆದು, ಕೆಲಸದ ಜಾಗಗಳು ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಎಂದು ಚದುರಿದ ಮೇಲೆ ಎಲ್ಲರಿಗೂ ನೇರ ಬಸ್ಸು ಕೊಡುವುದು ಅಸಾಧ್ಯ. ಪ್ರಮುಖ ರಸ್ತೆಗಳಲ್ಲಿ ನೇರವಾಗಿ ಓಡುವ "ಬಿಗ್-10" ಬಸ್ಸುಗಳು, ವರ್ತುಲ ರಸ್ತೆಯಲ್ಲಿ ಸುತ್ತುವ ಬಸ್ಸುಗಳು ಬಂದದ್ದು ಈ ಕಾರಣಕ್ಕೇ. ಯೋಚನೆ ಸರಿಯಾಗಿತ್ತು. ಆದರೆ ಅದು ನಡೆಯಬೇಕಾದರೆ ಪ್ರಯಾಣಿಕರು ಬಸ್ಸು ಬದಲಿಸಬೇಕು. ನಮ್ಮ ಸ್ಟೇಜ್ ಪದ್ಧತಿಯಲ್ಲಿ ದೂರ ಹೆಚ್ಚಿದಂತೆ ಕಿಲೋಮೀಟರಿನ ದರ ಇಳಿಯುತ್ತದೆ. ಬಸ್ಸು ಬದಲಿಸಿದೊಡನೆ ಮತ್ತೆ ಮೊದಲ ಸ್ಟೇಜಿನಿಂದ ಹೊಸ ಟಿಕೆಟ್. ದುಡ್ಡಿನ ದಂಡ ಒಂದು, ಮತ್ತೊಮ್ಮೆ ಕಾಯುವ ದಂಡ ಇನ್ನೊಂದು. ಹೀಗಾಗಿ ಜನ ನೇರ ಬಸ್ಸನ್ನೇ ಕೇಳುತ್ತಾರೆ. ಕೇಳಿದಂತೆಲ್ಲ ಸಂಖ್ಯೆಗೊಂದು ಅಕ್ಷರ ಅಂಟಿಸಿ ಹೊಸ ಮಾರ್ಗ ಹುಟ್ಟುತ್ತದೆ. ಮಾರ್ಗ ಹೆಚ್ಚಿದಷ್ಟೂ ಒಂದೊಂದರ ಪಾಲಿಗೆ ಬರುವ ಬಸ್ಸು ಕಡಿಮೆ.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯನ್ನು ಈ ದೃಷ್ಟಿಯಿಂದ ಯಾರೂ ಹೆಚ್ಚು ಚರ್ಚಿಸಿಲ್ಲ. ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ಉಚಿತವಾದಾಗ ಬಸ್ಸು ಬದಲಿಸುವ ದಂಡವೂ ರದ್ದಾಯಿತು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ಹೆಣ್ಣುಮಗಳು ಈಗ ಮೊದಲು ಬಂದ ಬಸ್ಸು ಹತ್ತಿ, ದಾರಿಯಲ್ಲಿ ಇಳಿದು, ಮತ್ತೊಂದನ್ನು ಹಿಡಿಯಬಹುದು. ಅವಳ ಜೊತೆಗೇ ಹೊರಡುವ ತಮ್ಮನಿಗೆ ಆ ಸ್ವಾತಂತ್ರ್ಯವಿಲ್ಲ. ಕನಿಷ್ಠ ದರ 2025ರ ಜನವರಿ 5ರಂದು 5 ರೂಪಾಯಿಯಿಂದ 6ಕ್ಕೆ ಏರಿತು. ಸಾಮಾನ್ಯ ದಿನದ ಪಾಸು 80 ರೂಪಾಯಿ ಆಯಿತು. ದಿನಕ್ಕೆ ಎರಡೇ ಪ್ರಯಾಣ ಮಾಡುವವನಿಗೆ ಆ ಪಾಸು ದುಬಾರಿ. ಒಂದೂವರೆ ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿದರೂ ಒಂದೇ ಟಿಕೆಟ್ ಎಂಬ ನಿಯಮ ತರಲು ಇಂದಿನ ಟಿಕೆಟ್ ಯಂತ್ರಗಳು ಅಡ್ಡಿಯಾಗಲಾರವು. ಅವು ಸಮಯವನ್ನು ಅಚ್ಚು ಹಾಕುತ್ತಲೇ ಇವೆ.

ಹೊರವಲಯದ ಕಥೆ ಬೇರೆ

ಆನೇಕಲ್, ಹೊಸಕೋಟೆ, ನೆಲಮಂಗಲದ ಒಳಗಿನ ಹಳ್ಳಿಗಳಿಗೆ ಗಂಟೆಗೊಂದು ಬಸ್ಸಿದ್ದರೆ ಅಲ್ಲಿನವರು ಅಂತರ ನೋಡಿ ಬರುವುದಿಲ್ಲ, ಗಡಿಯಾರ ನೋಡಿ ಬರುತ್ತಾರೆ. ಅಲ್ಲಿ ಬಸ್ಸು ಐದು ನಿಮಿಷ ತಡವಾದರೆ ಸಹಿಸಬಹುದು. ಐದು ನಿಮಿಷ ಮೊದಲೇ ಹೊರಟುಬಿಟ್ಟರೆ ಒಂದು ಗಂಟೆ ಹೋಯಿತು. ನೂರರಲ್ಲಿ 95 ಟ್ರಿಪ್ ಓಡಿದವು ಎಂಬ ವರದಿ ಬಂದರೆ ನಾವು ಕೇಳಬೇಕಾದದ್ದು: ರದ್ದಾದ ಐದು ಯಾವುವು? ಅವು ಮಧ್ಯಾಹ್ನ ನಗರದೊಳಗಿನವಾಗಿದ್ದರೆ ಯಾರಿಗೂ ಅಷ್ಟಾಗಿ ತಿಳಿಯದು. ರಾತ್ರಿ ಹಳ್ಳಿಗೆ ಹೋಗುವ ಕೊನೆಯ ಬಸ್ಸುಗಳಾಗಿದ್ದರೆ? ಆದ್ದರಿಂದ ನಗರಕ್ಕೂ ಹೊರವಲಯಕ್ಕೂ ಒಂದೇ ಅಳತೆಗೋಲು ಸಲ್ಲದು. ಒಳಗೆ ಅಂತರ ಮುಖ್ಯ, ಹೊರಗೆ ವೇಳಾಪಟ್ಟಿ ಮುಖ್ಯ.

ಎಲ್ಲವನ್ನೂ ಬಿಎಂಟಿಸಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ರಸ್ತೆ ಅದರದ್ದಲ್ಲ. 2019ರ ಅಕ್ಟೋಬರಿನಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಬಸ್ಸುಗಳಿಗೇ ಮೀಸಲಾದ ಪಥ ಮಾಡಿದ್ದರು. ಮೆಟ್ರೊ ಕಾಮಗಾರಿ ಬಂದಾಗ ಅದು ಮರೆಯಾಯಿತು. ಒಂದು ಬಸ್ಸಿನಲ್ಲಿ ಅರವತ್ತು ಜನ, ಒಂದು ಕಾರಿನಲ್ಲಿ ಹೆಚ್ಚಿನ ವೇಳೆ ಒಬ್ಬರೇ. ಸಿಗ್ನಲ್ಲಿನಲ್ಲಿ ಮಾತ್ರ ಇಬ್ಬರೂ ಸಮಾನರು. ಇಲ್ಲಿಯೂ ನಾವು ವಾಹನಗಳನ್ನು ಎಣಿಸುತ್ತೇವೆ, ಜನರನ್ನಲ್ಲ.

ನೀವೇ ಅಳೆದು ನೋಡಿ

ಒಂದು ದಿನ ಪುಸ್ತಕ, ಪೆನ್ನು ಹಿಡಿದು ನಿಮ್ಮ ನಿಲ್ದಾಣದಲ್ಲಿ ಒಂದೆರಡು ಗಂಟೆ ನಿಲ್ಲಿ. ಒಂದೇ ಸಂಖ್ಯೆಯ ಬಸ್ಸುಗಳು ಬಂದ ವೇಳೆಯನ್ನು ಬರೆದುಕೊಳ್ಳಿ. ಪ್ರತಿ ಅಂತರದ ವರ್ಗವನ್ನು ಕಂಡುಹಿಡಿದು ಎಲ್ಲವನ್ನೂ ಕೂಡಿಸಿ. ಬಂದ ಮೊತ್ತವನ್ನು ಎಲ್ಲ ಅಂತರಗಳ ಒಟ್ಟು ನಿಮಿಷಗಳ ಎರಡರಷ್ಟರಿಂದ ಭಾಗಿಸಿ. ಸಿಗುವುದು ಪ್ರಯಾಣಿಕರ ಸರಾಸರಿ ಕಾಯುವಿಕೆ. ಬಸ್ಸುಗಳು ಸಮ ಅಂತರದಲ್ಲಿ ಬಂದಿದ್ದರೆ ಎಷ್ಟಾಗುತ್ತಿತ್ತು ಎಂಬುದನ್ನೂ ಲೆಕ್ಕ ಹಾಕಿ. ಎರಡರ ವ್ಯತ್ಯಾಸವೇ, ಒಂದೂ ಹೊಸ ಬಸ್ಸು ಕೊಳ್ಳದೆ ನಿಮಗೆ ಮರಳಿಸಬಹುದಾದ ಸಮಯ. ಆ ಹಾಳೆಯನ್ನು ಹತ್ತಿರದ ಡಿಪೊ ವ್ಯವಸ್ಥಾಪಕರಿಗೆ ಕಳುಹಿಸಿ. ಬೈಗುಳಕ್ಕಿಂತ ಅಂಕಿಗೆ ಉತ್ತರ ಕೊಡುವುದು ಅವರಿಗೂ ಸುಲಭ.